ಹಳೇ ಸೈನಿಕ ಕಿಲ್ಟ್ ಸಿಕ್ಕಿದೆಯೇ? ತೊಳೆಯುವ ಮೊದಲು ಒಳಗೆ ನೋಡಿ

ಪ್ರಶ್ನೆ: ನಾನು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿ ಒಂದು ಹಳೇ ಸಾಮಾನಿನ ಹರಾಜಿನಲ್ಲಿ ಕಿಲ್ಟ್ (ಇಲ್ಲಿನ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಉಣ್ಣೆ ಬಟ್ಟೆ) ಕೊಂಡೆ. ಕಡು ಹಸಿರು, ನೀಲಿ, ಕಪ್ಪು ಚೌಕಳಿ. ಅದರ ಮೇಲೆ ಹಳದಿ ಗೆರೆ. ‘ಮೊದಲ ಮಹಾಯುದ್ಧದ ಗೋರ್ಡನ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟಿನ ಸೈನಿಕನದು, ಕಲೆ ಇರುವುದು ರಕ್ತದ್ದು’ ಎಂದು ಮಾರಿದವರು ಹೇಳಿದರು. ಒಳಗಡೆ ಮಾಸಿದ ಮುದ್ರೆ ಮತ್ತು ಕೆಲವು ಅಂಕಿಗಳಿವೆ. ಅಲ್ಲಲ್ಲಿ ನುಸಿ ತಿಂದ ತೂತುಗಳು. ಒಂದು ಚರ್ಮದ ಪಟ್ಟಿ ಕಿತ್ತುಹೋಗಿದೆ. ಡ್ರೈ ಕ್ಲೀನ್ ಮಾಡಿಸಿ, ರಫೂ ಹಾಕಿಸಿ, ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ನೈಟ್ ಊಟಕ್ಕೆ ಉಡಬೇಕೆಂದಿದ್ದೇನೆ. ಮಾಡಬಹುದಾ? ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಬರುತ್ತೇನೆ. ಅಲ್ಲಿ ಇದನ್ನು ಹೇಗೆ ಇಡುವುದು?

ಉತ್ತರ: ಉಡಬಹುದೋ ಇಲ್ಲವೋ ಅನ್ನುವುದು ಆ ಕಿಲ್ಟ್ ಯಾವುದು ಎಂಬುದರ ಮೇಲೆ ನಿಂತಿದೆ. 1950ರ ನಂತರ ಯಾವುದೋ ಪೈಪ್ ಬ್ಯಾಂಡಿಗೆ (ಬ್ಯಾಗ್‌ಪೈಪ್ ಊದುವ ವಾದ್ಯತಂಡಕ್ಕೆ) ಹೊಲಿಸಿದ್ದಾದರೆ ಧಾರಾಳವಾಗಿ ರಿಪೇರಿ ಮಾಡಿಸಿ, ಉಟ್ಟು ಕುಣಿಯಿರಿ. ನಿಜಕ್ಕೂ 1914–18ರದ್ದಾದರೆ ಬೇಡ. ನೂರು ವರ್ಷ ದಾಟಿದ ಉಣ್ಣೆ ನೋಡಲು ಗಟ್ಟಿಯಾಗೇ ಇರುತ್ತದೆ. ಆದರೆ ಕೂತು ಏಳುವಾಗ ಬೀಳುವ ಎಳೆತಕ್ಕೆ ಹೊಲಿಗೆಗಳು ಪಟಪಟ ಬಿಡುತ್ತವೆ, ನುಸಿ ತೂತುಗಳು ಹರಿದು ದೊಡ್ಡದಾಗುತ್ತವೆ.

ಹಾಗಾಗಿ ರಿಪೇರಿ ಮಾತು ಆಮೇಲೆ. ಅದು ಏನು ಅಂತ ಗೊತ್ತಾಗುವ ತನಕ ನೀರು, ಸೋಪು, ಇಸ್ತ್ರಿ, ಡ್ರೈ ಕ್ಲೀನಿಂಗ್ ಯಾವುದೂ ಬೇಡ. ಡ್ರೈ ಕ್ಲೀನಿಂಗ್ ಯಂತ್ರದಲ್ಲಿ ಬಟ್ಟೆ ಗಿರಗಿರ ಉರುಳುತ್ತದೆ. ಅಲ್ಲಿ ಹಾಕುವ ದ್ರಾವಕಕ್ಕೆ ಹಳೇ ಮುದ್ರೆಯ ಶಾಯಿ ಕರಗಿಹೋಗಬಹುದು. ಅಂಗಡಿಯವರು ಕೊನೆಗೆ ಬಿಸಿ ಇಸ್ತ್ರಿ ಒತ್ತಿ, ಹಳೇ ನೆರಿಗೆಯ ಗೆರೆಯನ್ನೇ ಬದಲಾಯಿಸಿ ಕೊಡುತ್ತಾರೆ. ನಿಮಗೆ ಬೇಕಾದ ಸಾಕ್ಷಿ ಇರುವುದು ಕೊಳೆ, ಹಳೇ ದಾರ, ಮಾಸಿದ ಶಾಯಿ ಇವುಗಳಲ್ಲೇ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಕಿಲ್ಟನ್ನು ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿಗೆ ಟೇಪ್ ಹಚ್ಚಿ. ಅದರಲ್ಲಿ ನುಸಿ ಜೀವಂತ ಇದ್ದರೆ ನಿಮ್ಮ ಸ್ವೆಟರ್, ಕೋಟು, ಕಾರ್ಪೆಟ್ಟಿಗೂ ಹತ್ತುತ್ತದೆ. ಹಾರುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದರ ಮರಿಹುಳ ತಿನ್ನುತ್ತದೆ. ಬೆವರು, ಊಟದ ಜಿಡ್ಡು ಅಂಟಿದ ಜಾಗವೆಂದರೆ ಅದಕ್ಕೆ ಜಾಸ್ತಿ ಇಷ್ಟ. ಅದಕ್ಕೇ ಸೊಂಟದ ಪಟ್ಟಿ ಮತ್ತು ನೆರಿಗೆಯ ಒಳಮಡಿಕೆಗಳನ್ನು ಮೊದಲು ನೋಡಬೇಕು. ಒಂದು ನೆರಿಗೆಯನ್ನು ಬೆರಳಿಂದ ಮೆಲ್ಲಗೆ ಬಿಡಿಸಿ, ತಳದಲ್ಲಿ ಟಾರ್ಚ್ ಹಾಕಿ. ಮರಳಿನಂಥ ಸಣ್ಣ ಕಾಳು ಕಂಡರೆ ಅದು ಹುಳದ ಹಿಕ್ಕೆ. ಹಸಿರು ಎಳೆ ತಿಂದಿದ್ದರೆ ಹಿಕ್ಕೆಯೂ ಹಸಿರು, ಹಳದಿ ತಿಂದಿದ್ದರೆ ಹಳದಿ! ಪಕ್ಕದಲ್ಲಿ ಬಿಳಿ ನೂಲಿನ ಗೂಡು ಇದ್ದರೂ ಇರಬಹುದು.

ಬಟ್ಟೆ ಒಣಗಿದ್ದರೆ ಚೀಲದ ಸಮೇತ ಫ್ರೀಜರಿಗೆ ಇಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಇರುತ್ತದೆ. ಅದರಲ್ಲಿ ಕನಿಷ್ಠ 2 ವಾರ ಬೇಕು. ಮ್ಯೂಸಿಯಂಗಳಲ್ಲಿ ಮೈನಸ್ 30ರಲ್ಲಿ 3 ದಿನ ಇಡುತ್ತಾರೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ಗಾಳಿಯ ತೇವವೆಲ್ಲ ತಣ್ಣನೆ ಬಟ್ಟೆಯ ಮೇಲೆ ಕೂರುತ್ತದೆ.

ಮುಟ್ಟುವಾಗ ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಮ್ಯೂಸಿಯಂ ಗತ್ತಿಗಲ್ಲ. ಹಿಂದೆ ಉಣ್ಣೆ ಬಟ್ಟೆಗೆ ನುಸಿ ಬಾರದಿರಲಿ ಎಂದು ಡಿಡಿಟಿ, ಆರ್ಸೆನಿಕ್‌ನಂಥ ವಿಷ ಹೊಡೆಯುತ್ತಿದ್ದದ್ದುಂಟು. ಧೂಳು ತೆಗೆಯುವಾಗ ಮಾಸ್ಕ್ ಕೂಡ ಇರಲಿ.

ಈಗ ಪರೀಕ್ಷೆಗೆ ಬರೋಣ. ದೊಡ್ಡ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕಿಲ್ಟನ್ನು ಮಲಗಿಸಿ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತಿರಲಿ. ಮುಟ್ಟಿ ತಿರುಗಿಸುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ.

ಎಲ್ಲರೂ ಮೊದಲು ನೋಡುವುದು ಚೌಕಳಿಯನ್ನು, ಅಂದರೆ ಟಾರ್ಟನನ್ನು. ಬ್ಲ್ಯಾಕ್ ವಾಚ್ ರೆಜಿಮೆಂಟಿನ ಹಸಿರು-ನೀಲಿ-ಕಪ್ಪು ‘ಗವರ್ನ್‌ಮೆಂಟ್ ಟಾರ್ಟನ್’ ಹಲವು ಸೈನಿಕ ಟಾರ್ಟನ್‌ಗಳಿಗೆ ತಳಹದಿ. ಅದರ ಹಸಿರಿನ ನಡುವೆ ಹಳದಿ ಗೆರೆ ಹಾಕಿದರೆ ಗೋರ್ಡನ್. 1793ರಲ್ಲಿ ಹಂಟ್ಲಿ ಎಂಬ ಊರಿನ ವಿಲಿಯಂ ಫೋರ್ಸಿತ್ ಈ ವಿನ್ಯಾಸ ಮಾಡಿಕೊಟ್ಟ. ಒಂದು, ಎರಡು, ಮೂರು ಹಳದಿ ಗೆರೆಯ ಮಾದರಿಗಳಲ್ಲಿ ಒಂದು ಗೆರೆಯದ್ದು ಆಯ್ಕೆಯಾಯಿತು. ಬಿಳಿ ಮತ್ತು ಕೆಂಪು ಗೆರೆ ಇದ್ದರೆ ಅದು ಮೆಕೆಂಜಿ ಟಾರ್ಟನ್, ಸೀಫೋರ್ತ್ ಹೈಲ್ಯಾಂಡರ್ಸ್‌ನವರದು. ಕ್ಯಾಮರನ್ ಹೈಲ್ಯಾಂಡರ್ಸ್‌ನವರದು ಕೆಂಪು ಜಾಸ್ತಿ ಕಾಣುವ ‘ಕ್ಯಾಮರನ್ ಆಫ್ ಎರಾಕ್ಟ್’. ನೀವು ಹೇಳಿದ್ದು ಗೋರ್ಡನ್‌ಗೆ ಹೊಂದುತ್ತದೆ, ಸರಿ. ಆದರೆ ಟಾರ್ಟನ್ ಒಂದೇ ಸಾಕ್ಷಿಯಾಗುವುದಿಲ್ಲ. ಗೋರ್ಡನ್ ಮನೆತನದವರು, ಪೈಪ್ ಬ್ಯಾಂಡಿನವರು, ಸುಮ್ನೆ ಬಣ್ಣ ಚೆನ್ನಾಗಿದೆ ಎಂದು ಉಡುವವರು ಎಲ್ಲರೂ ಇದನ್ನೇ ಹೊಲಿಸುತ್ತಾರೆ. ಹರಾಜಿನವರ ಮಾತು ಇಲ್ಲಿಗೇ ನಿಂತಿರುತ್ತದೆ.

ಮುಂದೆ ನೆರಿಗೆ ನೋಡಿ. ಸಾಮಾನ್ಯವಾಗಿ ಜನರು ಉಡುವ ಕಿಲ್ಟಿನಲ್ಲಿ ಚೌಕಳಿಯ ಚಿತ್ರ ಕೆಡದ ಹಾಗೆ, ಹಿಂಭಾಗದಲ್ಲೂ ಪೂರ್ತಿ ಮಾದರಿ ಕಾಣುವಂತೆ ನೆರಿಗೆ ಹಿಡಿಯುತ್ತಾರೆ. ಸೈನ್ಯದ್ದರಲ್ಲಿ ಹಾಗಲ್ಲ. ಒಂದೇ ಗೆರೆ ಪ್ರತಿ ನೆರಿಗೆಯ ಮೇಲೂ ಬರಬೇಕು. ಗೋರ್ಡನ್ ಕಿಲ್ಟ್ ಆದರೆ ಹಿಂದಿನಿಂದ ನೋಡಿದಾಗ ಪ್ರತಿ ನೆರಿಗೆಯಲ್ಲೂ ಹಳದಿ ಗೆರೆ ನೆಟ್ಟಗೆ ಇಳಿದಿರುತ್ತದೆ. ಸಾಲಾಗಿ ನಡೆಯುವಾಗ ಅದು ಕಾಣುವ ಚಂದವೇ ಬೇರೆ. ನಿಮ್ಮದು ಹಾಗಿಲ್ಲದಿದ್ದರೆ ಸೈನ್ಯದ್ದು ಎಂಬ ಮಾತು ಅಲ್ಲಿಗೆ ಬಹುಪಾಲು ಮುಗಿಯಿತು. ಹಾಗಿದ್ದರೆ ಇನ್ನೂ ನೋಡುವುದಿದೆ, ಏಕೆಂದರೆ ಬ್ಯಾಂಡಿನವರೂ ಈ ರೀತಿ ಹೊಲಿಸುತ್ತಾರೆ.

ಕೆಳಗಿನ ಅಂಚನ್ನು ಬಹಳ ಜನ ನೋಡುವುದೇ ಇಲ್ಲ. ನಿಜವಾದ ಕಿಲ್ಟಿಗೆ ಕೆಳಗೆ ಮಡಿಸಿ ಹೊಲಿದ ಅಂಚು ಇರುವುದಿಲ್ಲ. ಮಗ್ಗದಲ್ಲೇ ಹುಟ್ಟಿದ ನೇಯ್ಗೆಯ ಅಂಚೇ ಮೊಣಕಾಲ ಹತ್ತಿರ ಬರುತ್ತದೆ. ಅಳತೆ ಹೊಂದಿಸಲು ಬಟ್ಟೆ ಕತ್ತರಿಸುವುದು ಸೊಂಟದ ಕಡೆ. ನಿಮ್ಮ ಕಿಲ್ಟಿನ ಕೆಳಗೆ ಮಡಿಸಿದ ಹೊಲಿಗೆ ಕಂಡರೆ ಯಾರೋ ಆಮೇಲೆ ಗಿಡ್ಡ ಮಾಡಿದ್ದಾರೆ, ಇಲ್ಲವೇ ಅಗ್ಗದ ನಕಲು. ಭೂತಗನ್ನಡಿ ಹಿಡಿದರೆ ನೇಯ್ಗೆಯೂ ಕಾಣುತ್ತದೆ. ಎರಡು ಎಳೆಯ ಮೇಲೆ, ಎರಡರ ಕೆಳಗೆ ಹೋಗುವ ಓರೆ ನೇಯ್ಗೆ. ಬಟ್ಟೆ ಒರಟೋ ನಯವೋ ಅನ್ನುವುದನ್ನೂ ಗಮನಿಸಿ. ಸಾಮಾನ್ಯ ಸೈನಿಕರಿಗೆ ಸರ್ಕಾರ ಕೊಡುತ್ತಿದ್ದದ್ದು ದಪ್ಪ, ಒರಟು ಬಟ್ಟೆ. ಅಧಿಕಾರಿಗಳು ತಮ್ಮ ದುಡ್ಡಿನಲ್ಲೇ ಟೈಲರ್ ಹತ್ತಿರ ನಯವಾದ ಬಟ್ಟೆಯಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಅಂಥದ್ದಾದರೆ ಸೊಂಟದ ಒಳಗೆ ಟೈಲರ್ ಚೀಟಿ ಇರಬಹುದು. ಅದರಲ್ಲಿ ಹೆಸರು, ತಾರೀಖು ಕೈಯಲ್ಲಿ ಬರೆದಿದ್ದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮದರಲ್ಲಿ ಮುದ್ರೆ ಮತ್ತು ಅಂಕಿ ಇದೆ ಎಂದಿರಿ. ಅಸಲಿ ವಿಷಯ ಅಲ್ಲಿದೆ. ಹತ್ತಿ ಲೈನಿಂಗ್ ಮೇಲೆ ಬಾಣದ ತಲೆಯಂಥ ಗುರುತು ಇದೆಯೇ ನೋಡಿ. ಮೂರು ಗೀಟು ಒಂದೇ ತುದಿಗೆ ಸೇರಿರುತ್ತವೆ. ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬ ಗುರುತು. ಪಕ್ಕದಲ್ಲಿ ತಯಾರಕರ ಹೆಸರು, ಅಳತೆ, ವರ್ಷ ಇರುವುದುಂಟು. ಮಾಸಿದ ಶಾಯಿ ಓದಲು ಉಜ್ಜಬೇಡಿ, ನೀರು ಹಚ್ಚಬೇಡಿ. ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೋ ತೆಗೆದು, ಫೋನಿನಲ್ಲೇ ಕಾಂಟ್ರಾಸ್ಟ್ ಹೆಚ್ಚಿಸಿ. ಕಣ್ಣಿಗೆ ಕಾಣದ್ದು ಎಷ್ಟೋ ಸಲ ಹಾಗೆ ಎದ್ದು ಬರುತ್ತದೆ.

ಅಂಕಿಗಳು ಸೈನಿಕನ ನಂಬರ್ ಆಗಿರಬಹುದು. ಅದರ ಉದ್ದವೇ ಕಾಲ ಹೇಳುತ್ತದೆ. 1920ಕ್ಕೆ ಮೊದಲು ಪ್ರತಿ ರೆಜಿಮೆಂಟು ತನ್ನದೇ ನಂಬರ್ ಕೊಡುತ್ತಿತ್ತು, ಹಾಗಾಗಿ ಚಿಕ್ಕ ಸಂಖ್ಯೆಗಳೇ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ಹೊಸದಾಗಿ ಸೇರಿದ ಹೈಲ್ಯಾಂಡ್ ಸೈನಿಕರ ನಂಬರಿನ ಮುಂದೆ ‘ಎಸ್’ ಅಕ್ಷರ ಕಾಣಬಹುದು. ಟೆರಿಟೋರಿಯಲ್ ದಳದವರಿಗೆ (ಅರೆಕಾಲಿಕ ಸೈನಿಕರಿಗೆ) 1917ರಲ್ಲಿ 6 ಅಂಕಿಯ ನಂಬರ್ ಬಂತು. 1920ರಲ್ಲಿ ಇಡೀ ಸೈನ್ಯಕ್ಕೆ ಹೊಸ ಪದ್ಧತಿ ಬಂದು, ಪ್ರತಿ ರೆಜಿಮೆಂಟಿಗೆ ಒಂದೊಂದು ಶ್ರೇಣಿ ಹಂಚಿದರು. ಗೋರ್ಡನ್‌ದು 2865001ರಿಂದ ಶುರು. ಅಂದರೆ ನಿಮ್ಮ ಕಿಲ್ಟಿನಲ್ಲಿ 28 ಅಥವಾ 29ರಿಂದ ಶುರುವಾಗುವ 7 ಅಂಕಿ ಇದ್ದರೆ, ಅದನ್ನು ಬರೆದದ್ದು 1920ರ ನಂತರ. ‘ಮೊದಲ ಮಹಾಯುದ್ಧ’ದ ಕಥೆಗೆ ಅಲ್ಲೊಂದು ಪೆಟ್ಟು. ಕಿಲ್ಟ್ ಹಳೆಯದಾಗಿದ್ದು, ಆಮೇಲೆ ಇನ್ನೊಬ್ಬನಿಗೆ ಕೊಟ್ಟಿರಲೂಬಹುದು ಅನ್ನಿ. ಎರಡು ನಂಬರ್ ಇದ್ದು ಒಂದನ್ನು ಗೀಚಿ ಹಾಕಿದ್ದರೆ ಹಾಗೇ ಆಗಿದೆ ಎಂದರ್ಥ.

ಸ್ವಲ್ಪ ದಾರಿ ತಪ್ಪುತ್ತೇನೆ, ಕನ್ನಡಿಗರಿಗೆ ಇದು ಗೊತ್ತಿರಬೇಕು. 1799ರಲ್ಲಿ ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದ ಬ್ರಿಟಿಷ್ ದಂಡಿನಲ್ಲಿ 75ನೇ ರೆಜಿಮೆಂಟ್ ಎಂಬ ಸ್ಕಾಟಿಷ್ ದಳವೂ ಇತ್ತು. ಭಾರತದ ಯುದ್ಧಗಳಿಗಾಗಿ ಅದಕ್ಕೆ ಹುಲಿಯ ಲಾಂಛನ ಸಿಕ್ಕಿತು. 1809ರಲ್ಲಿ ಸೇನೆ ಕೆಲವು ಹೈಲ್ಯಾಂಡ್ ದಳಗಳ ಕಿಲ್ಟ್ ಕಿತ್ತುಕೊಂಡಾಗ ಇದರದ್ದೂ ಹೋಯಿತು. 1881ರಲ್ಲಿ ಇದನ್ನು 92ನೇ ಗೋರ್ಡನ್ ಹೈಲ್ಯಾಂಡರ್ಸ್ ಜೊತೆ ಸೇರಿಸಿದಾಗ ಕಿಲ್ಟ್ ಮತ್ತೆ ಬಂತು, ಹುಲಿಯೂ ಗೋರ್ಡನ್‌ನವರ ಕಾಲರಿಗೆ ಏರಿತು. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ ‘ಮೈಸೂರು’, ‘ಶ್ರೀರಂಗಪಟ್ಟಣ’ ಎರಡೂ ಇವೆ. ನೀವಿರುವ ಅಬರ್ಡೀನ್‌ನಲ್ಲೇ ಗೋರ್ಡನ್ ಹೈಲ್ಯಾಂಡರ್ಸ್ ಮ್ಯೂಸಿಯಂ ಇದೆ. ಹೋದರೆ ಆ ಹುಲಿ ಲಾಂಛನವನ್ನೂ ನೋಡಿ ಬನ್ನಿ. ಮುದ್ರೆಯ ಫೋಟೋಗಳನ್ನು ಅಲ್ಲಿಗೇ ಮೊದಲು ತೋರಿಸಿ. ಅಸಲಿ ಕಿಲ್ಟ್‌ಗಳನ್ನು ದಿನಾ ನೋಡುವವರ ಕಣ್ಣು ನನ್ನಂಥವರ ಪುಸ್ತಕ ಜ್ಞಾನಕ್ಕಿಂತ ಮೇಲು.

ಸೈನಿಕನ ಹೆಸರು ಸಿಕ್ಕರೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ದಾಖಲೆಗಳಲ್ಲಿ ಹುಡುಕಬಹುದು. ಪದಕಗಳ ಕಾರ್ಡುಗಳು ಅಲ್ಲಿ ಚೆನ್ನಾಗಿ ಉಳಿದಿವೆ. ಸೇವಾ ದಾಖಲೆ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು.

ಇನ್ನೊಂದು ಅಗ್ಗದ ಉಪಕರಣ ಕೊಳ್ಳಿ: ಯುವಿ ಟಾರ್ಚ್, ಅಂದರೆ ನೇರಳಾತೀತ ಬೆಳಕಿನ ಟಾರ್ಚ್. ಕತ್ತಲೆ ಕೋಣೆಯಲ್ಲಿ ಹೊಲಿಗೆಗಳ ಮೇಲೆ ಬಿಡಿ. ದಾರ ನೀಲಿ-ಬಿಳಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ. ಅದು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಹಾಗಂತ ಇಡೀ ಕಿಲ್ಟ್ ಹೊಸದು ಎಂದು ಹಾರಬೇಡಿ. ಲೈನಿಂಗ್ ಪೂರ್ತಿ ಹೊಳೆದರೆ ಯಾರೋ ಡಿಟರ್ಜೆಂಟಿನಲ್ಲಿ ತೊಳೆದಿರಬಹುದು. ಒಂದೆರಡು ಕಡೆ ಮಾತ್ರ ಹೊಳೆದರೆ ಅಷ್ಟು ಭಾಗ ಆಮೇಲಿನ ರಿಪೇರಿ. ನೆರಿಗೆಯನ್ನು ಸೊಂಟದಿಂದ ಕೆಳಕ್ಕೆ ಹಿಡಿದಿಟ್ಟ ಮೂಲ ಹೊಲಿಗೆಗಳೇ ಹೊಳೆದರೆ ಮಾತ್ರ ಅನುಮಾನ ಪಡಿ.

ಇನ್ನು ‘ರಕ್ತದ ಕಲೆ’. ಹಳೇ ಸೈನಿಕ ಬಟ್ಟೆ ಮಾರುವವರಿಗೆ ಕಂದು ಬಣ್ಣದ ಕಲೆಯೆಲ್ಲ ರಕ್ತವೇ! ಬಕಲಿನ ತುಕ್ಕು, ಚಹಾ, ಕೆಸರು, ಎಣ್ಣೆ ಎಲ್ಲವೂ ಕಡು ಬಟ್ಟೆಯ ಮೇಲೆ ಒಂದೇ ಥರ ಕಾಣುತ್ತವೆ. ಕಲೆ ಬಕಲಿನ ಅಕ್ಕಪಕ್ಕ ಇದ್ದರೆ ತುಕ್ಕು ಎಂದೇ ಹಿಡಿಯಿರಿ. ಅದು ಏನೇ ಆಗಿರಲಿ, ತೆಗೆಯಬೇಡಿ. ನಿಜವಾದ ಬಳಕೆಯ ಗುರುತು ಇದಕ್ಕಿಂತ ಸದ್ದಿಲ್ಲದ ಜಾಗದಲ್ಲಿರುತ್ತದೆ. ಮುಂಭಾಗದ ಮಧ್ಯದಲ್ಲಿ, ಸ್ಪಾರನ್ ಎಂಬ ಚೀಲ ತೂಗಾಡುವ ಕಡೆ, ಉಣ್ಣೆಯ ಜುಂಗು ಸವೆದಿರುತ್ತದೆ. ಪಟ್ಟಿ ಹೊಲಿದ ಜಾಗದ ಪಕ್ಕದಲ್ಲಿ ಹಳೇ ಸೂಜಿ ತೂತುಗಳ ಇನ್ನೊಂದು ಸಾಲು ಇದ್ದರೆ, ಬೇರೆ ಸೊಂಟದವರಿಗೆ ಹೊಂದಿಸಲು ಪಟ್ಟಿ ಸರಿಸಿದ್ದಾರೆ. ನೆರಿಗೆಯ ತಳದಲ್ಲಿ ಒಣಗಿದ ಮಣ್ಣು ಸಿಕ್ಕರೆ ಊದಿ ಬಿಸಾಡಬೇಡಿ, ಪುಟ್ಟ ಕಾಗದದ ಪೊಟ್ಟಣ ಮಾಡಿ ಎತ್ತಿಡಿ. ಫ್ರಾನ್ಸಿನ ಕಂದಕಗಳಲ್ಲಿ ಕೆಸರು ಅಂಟಿ ಹೆಪ್ಪುಗಟ್ಟಿದ ಅಂಚು ಸೈನಿಕರ ಮೊಣಕಾಲ ಹಿಂದೆ ಚರ್ಮ ಕೊಯ್ಯುತ್ತಿತ್ತು. ನೆರಿಗೆಯ ಮಡಿಕೆಗಳಲ್ಲಿ ಹೇನು ತುಂಬಿ, ಮೇಣದಬತ್ತಿಯ ಉರಿ ಹಿಡಿದು ಹೊಲಿಗೆಯುದ್ದಕ್ಕೂ ಸುಡುತ್ತಿದ್ದರು. ಹೊಲಿಗೆಯ ಹತ್ತಿರ ಸಣ್ಣ ಕಪ್ಪು ಸುಟ್ಟ ಗುರುತು ಕಂಡರೆ ಇದನ್ನು ನೆನಪಿಡಿ.

ಸರಿ, ಹಳೆಯದೇ ಎಂದು ಗೊತ್ತಾಯಿತು ಅಂದುಕೊಳ್ಳಿ. ಏನು ಮಾಡಬಹುದು?

ಧೂಳು ತೆಗೆಯಬಹುದು. ವ್ಯಾಕ್ಯೂಮ್ ಕ್ಲೀನರನ್ನು ತೀರಾ ಕಡಿಮೆ ಸೆಳೆತಕ್ಕೆ ಇಟ್ಟು, ಬಾಯಿಗೆ ನೈಲಾನ್ ಸೊಳ್ಳೆಪರದೆಯ ತುಂಡು ಕಟ್ಟಿ. ಮೆತ್ತನೆ ಬ್ರಷ್‌ನಿಂದ ಧೂಳನ್ನು ಅದರ ಕಡೆಗೆ ತಳ್ಳುತ್ತಾ ಹೋಗಿ. ಒಂದೊಂದೇ ನೆರಿಗೆ. ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ. ಆದರೆ ಕಿಲ್ಟಿಗೆ ಇದರಷ್ಟು ಒಳ್ಳೆಯದು ಮಾಡುವ ಬೇರೆ ಕೆಲಸ ನಿಮ್ಮ ಕೈಯಲ್ಲಿಲ್ಲ.

ತೊಳೆಯುವುದು ಬೇಡ ಎಂದೇ ನನ್ನ ಸಲಹೆ. ನೀರು ಕುಡಿದ ಇಷ್ಟು ಉಣ್ಣೆ ಎತ್ತಲಾರದಷ್ಟು ಭಾರವಾಗುತ್ತದೆ. ಆ ಭಾರಕ್ಕೇ ಹಳೇ ದಾರ ಹರಿಯುತ್ತದೆ. ಬಣ್ಣ ಬಿಡುವ ಅಪಾಯ ಬೇರೆ. ಹಳದಿ ಗೆರೆಗೆ ಪಕ್ಕದ ನೀಲಿ ಇಳಿದರೆ ವಾಪಸ್ ತರಲಾಗುವುದಿಲ್ಲ. ಕುತೂಹಲಕ್ಕೆ ಪರೀಕ್ಷೆ ಮಾಡುವುದಾದರೆ, ಕಾಣದ ಜಾಗದಲ್ಲಿ ಒಂದೊಂದು ಬಣ್ಣಕ್ಕೂ ಒಂದು ಹನಿ ಡಿಸ್ಟಿಲ್ಡ್ ನೀರು ಹಾಕಿ, ಬಿಳಿ ಬ್ಲಾಟಿಂಗ್ ಕಾಗದ ಒತ್ತಿ ಕೆಲವು ನಿಮಿಷ ಬಿಡಿ. ಒಂದು ಬಣ್ಣ ಗಟ್ಟಿ ಎಂದರೆ ಉಳಿದವೂ ಗಟ್ಟಿ ಎಂದಲ್ಲ.

ತೂತುಗಳಿಗೆ ರಫೂ ಕೇಳಿದಿರಿ. ಒಳ್ಳೆ ರಫೂಗಾರ ಹಾಸು-ಹೊಕ್ಕು ಎಳೆಗಳನ್ನು ಮತ್ತೆ ನೇಯ್ದು ತೂತೇ ಇರಲಿಲ್ಲ ಅನ್ನುವ ಹಾಗೆ ಮಾಡುತ್ತಾನೆ. ಕೋಟಿಗೆ, ರೇಷ್ಮೆ ಸೀರೆಗೆ ಅದು ಸರಿ. ಇಲ್ಲಿ ನನಗೆ ಅದು ಇಷ್ಟವಿಲ್ಲ. ಅದೇ ಬಣ್ಣದ ಎಳೆ ಬೇಕೆಂದು ಒಳನೆರಿಗೆಯಿಂದ ಕೀಳುತ್ತಾರೆ, ತೂತಿನ ಸುತ್ತಲಿನ ಬಲವಿಲ್ಲದ ಎಳೆಗಳನ್ನು ಎಳೆದು ಬಿಗಿ ಮಾಡುತ್ತಾರೆ. ಹಳೇ ವಸ್ತುಗಳನ್ನು ಕೆಡದಂತೆ ಕಾಪಾಡುವ ಸಂರಕ್ಷಕರು ಬೇರೆ ದಾರಿ ಹಿಡಿಯುತ್ತಾರೆ. ಹೊಂದುವ ಬಣ್ಣ ಹಾಕಿದ ತೆಳು ಬಟ್ಟೆಯ ತುಂಡನ್ನು ತೂತಿನ ಹಿಂದೆ ಇಟ್ಟು, ಕೂದಲಿನಷ್ಟು ಸಣ್ಣ ದಾರದಿಂದ ಸಡಿಲ ಎಳೆಗಳನ್ನು ಅದರ ಮೇಲೆ ಮೆಲ್ಲಗೆ ಹಿಡಿಸುತ್ತಾರೆ. ಹತ್ತಿರದಿಂದ ನೋಡಿದರೆ ರಿಪೇರಿ ಕಾಣುತ್ತದೆ, ಕಾಣಲಿ. ಬೇಡ ಎನಿಸಿದ ದಿನ ಬಿಚ್ಚಬಹುದು. ಎಳೆ ಬಿಟ್ಟುಕೊಳ್ಳದ ಸಣ್ಣ ತೂತುಗಳನ್ನು ಹಾಗೇ ಬಿಡಿ.

ಒರಟು ದಾರದಲ್ಲಿ ವಕ್ರವಕ್ರವಾಗಿ ಹೊಲಿದ ಹಳೇ ರಿಪೇರಿ ಸಿಕ್ಕರೆ ಅದನ್ನು ‘ಸರಿ’ ಮಾಡಲು ಹೋಗಬೇಡಿ. ಬ್ರಿಟಿಷ್ ಸೈನಿಕರಿಗೆ ಸೂಜಿ-ದಾರದ ಪುಟ್ಟ ಕಟ್ಟು ಕೊಡುತ್ತಿದ್ದರು. ಆ ಹೊಲಿಗೆ ಕಿಲ್ಟ್ ಉಟ್ಟವನದೇ ಇರಬಹುದು.

ಕಿತ್ತ ಚರ್ಮದ ಪಟ್ಟಿಯನ್ನು ಮುಟ್ಟಿದಾಗ ಬೆರಳಿಗೆ ಕೆಂಪು ಪುಡಿ ಹತ್ತಿದರೆ ಚರ್ಮ ಒಳಗೇ ಸತ್ತಿದೆ. ಎಣ್ಣೆ, ಪಾಲಿಶ್ ಹಚ್ಚಿದರೆ ಬದುಕುವುದಿಲ್ಲ, ಉಣ್ಣೆಗೆ ಜಿಡ್ಡು ಇಳಿಯುತ್ತದೆ ಅಷ್ಟೇ. ಪಟ್ಟಿಯನ್ನು ಬಿಳಿ ಟಿಶ್ಯೂ ಕಾಗದದಲ್ಲಿ ಸುತ್ತಿ ಕಿಲ್ಟಿನ ಜೊತೆಗೇ ಇಡಿ. ಲೈನಿಂಗ್ ಎಷ್ಟೇ ಹರಿದಿದ್ದರೂ ಬದಲಾಯಿಸಬೇಡಿ. ಅದು ಹೋದರೆ ಮುದ್ರೆಯೂ ಹೋಯಿತು. ಹೊಲಿಗೆ ಕೆಲಸ ಮಾಡಿಸಲೇಬೇಕಾದರೆ, ಬ್ರಿಟನ್ನಿನ ಸಂರಕ್ಷಕರ ಸಂಸ್ಥೆ ಐಕಾನ್ ನಡೆಸುವ ಪಟ್ಟಿಯಲ್ಲಿ ಬಟ್ಟೆ ಸಂರಕ್ಷಕರನ್ನು ಹುಡುಕಿ, ಮೊದಲು ಅಂದಾಜು ಖರ್ಚು ಕೇಳಿ. ಕೆಲವೊಮ್ಮೆ ಅದು ಕಿಲ್ಟಿನ ಬೆಲೆಗಿಂತ ಜಾಸ್ತಿ ಬರುತ್ತದೆ. ಆಗ ಧೂಳು ತೆಗೆದು ಎತ್ತಿಟ್ಟರೆ ಸಾಕು.

ಬೆಂಗಳೂರಿಗೆ ಬರುವಾಗ ಕೈಚೀಲದಲ್ಲೇ ತನ್ನಿ. ಇಲ್ಲಿ ಶತ್ರುಗಳು ಎರಡು: ಮಳೆಗಾಲದ ತೇವ ಮತ್ತು ಅದೇ ನುಸಿ. ನೆರಿಗೆಗಳು ಅಲುಗದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮಡಿಸದೆ ಉದ್ದಕ್ಕೆ ಮಲಗಿಸಿ. ಮಡಿಸಲೇಬೇಕಾದರೆ ಮಡಿಕೆಯ ಒಳಗೆ ಆಸಿಡ್ ಇಲ್ಲದ ಟಿಶ್ಯೂ ಕಾಗದದ ಉರುಳೆ ಇಡಿ. ಮೇಲೆ ಒಗೆದ ಮಸ್ಲಿನ್ ಬಟ್ಟೆ ಸುತ್ತಿ ಬೀರುವಿನಲ್ಲಿಡಿ. ಬೀರು ಹೊರಗೋಡೆಗೆ ಒರಗಿರಬಾರದು, ಮಳೆಗಾಲದಲ್ಲಿ ಆ ಗೋಡೆಯ ತಂಪಿಗೇ ಬೂಷ್ಟು ಹಿಡಿಯುತ್ತದೆ. ನುಸಿ ಗುಳಿಗೆ ಬೇಡ. ಅದರ ಹೊಗೆ ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ, ವಾಸನೆ ಉಣ್ಣೆಯಿಂದ ವರ್ಷಗಟ್ಟಲೆ ಹೋಗುವುದೂ ಇಲ್ಲ. ಬೇವಿನ ಸೊಪ್ಪನ್ನೂ ನೇರವಾಗಿ ಇಡಬೇಡಿ, ಕಲೆ ಬೀಳುತ್ತದೆ. ಅಂಟು ಹಚ್ಚಿದ ನುಸಿ ಬಲೆಯೊಂದನ್ನು ಬೀರುವಿನಲ್ಲಿಟ್ಟು, ಮಳೆಗಾಲದ ಮೊದಲು ಮತ್ತು ನಂತರ ಕಿಲ್ಟ್ ಬಿಚ್ಚಿ ನೋಡಿ. ಬಲೆಗೆ ಒಂದು ಪತಂಗ ಬಿದ್ದಿದ್ದರೂ ಸಾಕು, ಮತ್ತೆ ಚೀಲ, ಮತ್ತೆ ಫ್ರೀಜರ್. ಕಚ್ಚಾ ಹೊಲಿಗೆಗೆ ಎದ್ದು ಕಾಣುವ ಬಿಳಿ ಹತ್ತಿ ದಾರ ಬಳಸಿ. ನಾಳೆ ಬೇರೆಯವರ ಕೈಗೆ ಹೋದಾಗ ಅದು ಹಳೆಯದಲ್ಲ, ನೀವು ಹಾಕಿದ್ದು ಎಂದು ತಿಳಿಯಲಿ. ಏನೇನು ಮಾಡಿದಿರಿ ಎಂದು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಡಿ.